ಬೇಡದ ಮಾತು

ಲಕ್ಷ್ಮೇಶ್ವರ
15 ಜೂನ್ 2025, ರವಿವಾರ

ಮುಂಡರಗಿಯವರಿಗೆ ಲಕ್ಷ್ಮೇಶ್ವರದ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಹನ್ನೊಂದು ವರ್ಷ ದಿನಾ ಸಂಜೆ ನಿಮ್ಮೊಂದಿಗೆ ಫೋನಿನಲ್ಲಿ ಮಾತಾಡಿದ ನನಗೆ ಕಾಗದ ಹೇಗೆ ಸುರು ಮಾಡಬೇಕೆಂಬುದೇ ತಿಳಿಯಲಿಲ್ಲ. ಬರೆದು ಬರೆದು ಹರಿದು ಹಾಕಿದೆ. ಕಡೆಗೆ ಫೋನಿನಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆದುಬಿಟ್ಟೆ.

ಕೇಳಬೇಕಾದದ್ದು ಇಷ್ಟೇ. ಹೋದ ಸೋಮವಾರ ಇಲ್ಲಿಂದ ಕಳಿಸಿದ ಬಾಂಡೆ ಗಂಟಿನ ಮೂಲೆ ಹರಿದಿತ್ತು. ಒಳಗಿನ ಚರಿಗೆ, ತಾಟು ಎಲ್ಲಾ ಸರಿಯಾಗಿ ಮುಟ್ಟಿದವೇ? ಮೊದಲಾದರೆ ಸಂಜೆ ಲೆಕ್ಕ ತಾಳೆ ನೋಡುವಾಗ ಕೇಳುತ್ತಿದ್ದೆ. ನಾನು ಕಳಿಸಿದ್ದು ನೀವು ಹೇಳಬೇಕು, ನೀವು ಕಳಿಸಿದ್ದು ನಾನು ಹೇಳಬೇಕು, ಎರಡೂ ಕೂಡಿದ ಮೇಲೆ ಬಾಗಿಲು ಹಾಕಬೇಕು. ಈಗ ನಮ್ಮ ಪಾರ್ಸೆಲ್ ಕಂಪನಿಯವರು ಆ ಕೆಲಸವನ್ನೇ ತೆಗೆದರಲ್ಲ. ಟೇಬಲ್ಲಿನ ಮೇಲಿದ್ದ ಫೋನು ಕಿತ್ತುಕೊಂಡು ಹೋಗಿ ಒಂದು ಸಣ್ಣ ಮೊಬೈಲ್ ಕೊಟ್ಟಿದ್ದಾರೆ. ಅದರಿಂದ ಎಲ್ಲಿಗೂ ಫೋನು ಹೋಗುವುದಿಲ್ಲ. ಸಂಜೆಗೊಮ್ಮೆ ಯಂತ್ರದ ಫೋನು ಅದಕ್ಕೇ ಬರುತ್ತದೆ. ನಿಮಗೂ ಬರುತ್ತಿರಬೇಕು. ಎಂಥಾ ದನಿ ಅಂತೀರಿ! ಟೀವಿಯಲ್ಲಿ ವಾರ್ತೆ ಓದುವವರ ತಂಗಿ ಇರಬೇಕು. "ನಮಸ್ಕಾರ. ಇಂದಿನ ಪಾರ್ಸೆಲ್‌ಗಳ ವಿವರ ತಿಳಿಸಿ" ಎನ್ನುತ್ತಾಳೆ. ನಾನು "ಮುಂಡರಗಿ" ಎಂದರೆ ಸಾಕು, "ಮುಂಡರಗಿಗೆ ಏನು ಕಳಿಸಬೇಕು, ತಿಳಿಸಿ" ಎಂದು ಕೇಳಿ ಸುಮ್ಮನೆ ಕಾಯುತ್ತಾಳೆ. ಒಂದು ದಿನ ನಗೆ ಬಂದು, "ನನ್ನ ನಮಸ್ಕಾರ ಕಳಿಸವಾ" ಎಂದೆ. "ಕ್ಷಮಿಸಿ, ಅರ್ಥವಾಗಲಿಲ್ಲ" ಅಂದಳು. ಆ ನಮಸ್ಕಾರ ನಿಮಗೆ ಮುಟ್ಟಿರಲಾರದು ಎಂದು ಈ ಕಾಗದದ ತಲೆಯಲ್ಲಿ ಇನ್ನೊಮ್ಮೆ ಹಾಕಿದ್ದೇನೆ.

ಇಲಿಯಾಸನ ಲಾರಿಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಸ್ವಂತ ಮೊಬೈಲ್ ನಂಬರು ಅವನನ್ನೇ ಕೇಳಬಹುದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಚರಿಗೆ, ತಾಟಿನ ಸಂಗತಿಗೆ ಕಾಗದವೇ ವಾಸಿ.

ಮನೆಯಲ್ಲಿ ವನಿತಾ ಆರಾಮ ಇದ್ದಾಳೆ. ನಿಮ್ಮನ್ನು ಕೇಳಿದಳು.

ಇತಿ
ಲಕ್ಷ್ಮೇಶ್ವರ (ಉಳವಪ್ಪ)


ಮುಂಡರಗಿ
22 ಜೂನ್ 2025

ಲಕ್ಷ್ಮೇಶ್ವರದವರಿಗೆ ನಮಸ್ಕಾರ.

ಗಂಟು ಮುಟ್ಟಿತು. ಒಂದು ತಾಟಿನ ಅಂಚು ಸೊಟ್ಟಾಗಿತ್ತು, ಅಂಗಡಿಯವರು ಗದ್ದಲ ಮಾಡಲಿಲ್ಲ. ಅಂಗಡಿಯವರೆಂದರೆ ನಮ್ಮ ಅಣ್ಣನೇ. ಗದ್ದಲ ಮಾಡಿದ್ದರೆ ಸಂಜೆ ಊಟಕ್ಕೆ ನಾನೇ ಅವನ ಎದುರಿಗೆ ಕೂಡಬೇಕಲ್ಲ.

ಆ ದನಿಯೊಂದಿಗೆ ಚೇಷ್ಟೆ ಮಾಡಬೇಡಿ. ಲೆಕ್ಕ ಹೇಳಿ ಇಟ್ಟುಬಿಡಿ. ನಾನು ಹಾಗೇ ಮಾಡುತ್ತೇನೆ. ಜಲ್ದಿ ಮುಗಿಯುತ್ತದೆ, ಜಲ್ದಿ ಬಾಗಿಲು ಹಾಕುತ್ತೇನೆ. ಆಮೇಲೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ಅದು ಬೇರೆ ಮಾತು. ಮೊದಲ ದಿನ ಸಂಜೆ ಕೈ ತಾನಾಗಿ ಫೋನಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಧೂಳಿನಲ್ಲಿ ಫೋನಿನ ಆಕಾರ ಮೂಡಿತ್ತು. ಒರೆಸಿಲ್ಲ, ಇನ್ನೂ ಹಾಗೇ ಇದೆ.

ಮನೆಯಲ್ಲಿ ಮೇಲಿನ ಮಾಳಿಗೆ ನನ್ನದು. ಕೆಳಗೆ ಅಣ್ಣ, ಅತ್ತಿಗೆ, ಅವರ ಟೀವಿ. ನೀವು ಹನ್ನೊಂದು ವರ್ಷ "ಹಲೋ, ಮುಂಡರಗಿ ಏನ್ರಿ?" ಎಂದು ಕೇಳಿ, ನಾನು "ಹೂಂನ್ರಿ, ಹೇಳ್ರಿ ಲಕ್ಷ್ಮೇಶ್ವರ" ಎಂದದ್ದು ನೆನಪಾದರೆ ನಗೆ ಬರುತ್ತದೆ. ಊರಿಗೆ ಊರೇ ಮಾತಾಡಿದ ಹಾಗೆ. ನನಗೊಂದು ಹೆಸರಿದೆ ಎಂಬುದು ನಿಮಗೆ ರಸೀದಿಯ ಸಹಿಯಲ್ಲಾದರೂ ಕಂಡಿರಬೇಕು.

ವನಿತಾ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಮುಂಡರಗಿ


ಲಕ್ಷ್ಮೇಶ್ವರ
13 ಜುಲೈ 2025

ಮುಂಡರಗಿಯವರಿಗೆ ನಮಸ್ಕಾರ.

ಸಹಿ ಕಂಡಿದೆ. ಓದಲಿಕ್ಕೆ ಬರುವಂತೆ ಸಹಿ ಮಾಡುವವರು ನಮ್ಮ ಕಂಪನಿಯಲ್ಲಿ ನೀವೊಬ್ಬರೇ. ಆದರೆ ಹೆಸರು ಹಿಡಿದು ಕರೆಯಲು ನಾನು ನಿಮಗೆ ಅಣ್ಣನೂ ಅಲ್ಲ, ಸಾಹೇಬನೂ ಅಲ್ಲ. ಹೆಸರಿನ ಮುಂದೆ "ಅಕ್ಕಾರು" ಎಂದು ಹಚ್ಚಿದರೆ ನಿಮಗೆ ವಯಸ್ಸಾದೀತು. ಮುಂಡರಗಿಯೇ ಚಲೋ.

ಆ ದನಿಗೆ ನಾನೀಗ ತಂಗಿ ಎಂದು ಕರೆಯುತ್ತೇನೆ. ಬೈದರೂ ಸಿಟ್ಟಾಗುವುದಿಲ್ಲ, ಹೊಗಳಿದರೂ ಉಬ್ಬುವುದಿಲ್ಲ. ನಿನ್ನೆ "ಶಿರಹಟ್ಟಿಗೆ ಎರಡು ಪೆಟ್ಟಿಗಿ, ಮ್ಯಾಲೆ ಮಳಿ ಬರಾಕತ್ತೈತಿ ತಂಗಿ" ಎಂದೆ. "ಮಳಿ ಎಂಬ ಊರಿನಲ್ಲಿ ನಮ್ಮ ಶಾಖೆ ಇಲ್ಲ" ಎಂದಳು. ವನಿತಾಳಿಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕಳು. ಅವಳು ಈಗ ಪಂಚಮಿಯ ತಯಾರಿಯಲ್ಲಿದ್ದಾಳೆ. ಉಂಡಿ ಕಟ್ಟಿದ ಮೇಲೆ ನಿಮಗೂ ಕಳಿಸಬೇಕಂತೆ.

ನಿಮ್ಮ ಟೇಬಲ್ಲಿನ ಧೂಳು ಒರೆಸಿದಿರಾ?

ಲಕ್ಷ್ಮೇಶ್ವರ


ಮುಂಡರಗಿ
10 ಆಗಸ್ಟ್ 2025

ಲಕ್ಷ್ಮೇಶ್ವರದವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಕೆಲಸ ಸ್ವಲ್ಪ ಹೆಚ್ಚಾಗಿದೆ. ಉಂಡಿ ಮುಟ್ಟಿದವು, ಎಳ್ಳಿನವು ಬಹಳ ರುಚಿಯಾಗಿದ್ದವು. ವನಿತಾ ಅವರಿಗೆ ಹೇಳಿ. ಇಲ್ಲಿ ಎಲ್ಲಾ ಮೊದಲಿನಂತೆಯೇ ಇದೆ.

ಮುಂಡರಗಿ


ಮುಂಡರಗಿ
10 ಆಗಸ್ಟ್ 2025

ಲಕ್ಷ್ಮೇಶ್ವರದವರೇ,

ಈ ಎರಡನೆಯ ಕಾಗದವನ್ನು ಇಲಿಯಾಸನ ಕೈಗೆ ಕೊಡುವುದಿಲ್ಲ. ಟ್ರಂಕಿನಲ್ಲಿ ಸೀರೆಯ ಕೆಳಗೆ ಇಡುತ್ತೇನೆ. ಆದರೂ ನಿಮಗೇ ಬರೆಯಬೇಕು, ಬೇರೆ ಯಾರಿಗೂ ಬರೆಯಲು ಬರುವುದಿಲ್ಲ.

ಇಲ್ಲಿ ಯಾವುದೂ ಮೊದಲಿನಂತೆ ಇಲ್ಲ. ಮುಂಡರಗಿ ಶಾಖೆಯಲ್ಲಿ ಈಗ ನಾನಿಲ್ಲ. ಹಮಾಲರೇ ಪಾರ್ಸೆಲ್ಲಿನ ಫೋಟೋ ತೆಗೆದು ಕಳಿಸುತ್ತಾರೆ, ಗುಮಾಸ್ತೆ ಬೇಕಾಗಿಲ್ಲ. ನನ್ನನ್ನು ಗದಗ-ಬೆಟಗೇರಿಯ ಮುಖ್ಯ ಆಫೀಸಿಗೆ ಹಾಕಿದ್ದಾರೆ. ದಿನಾ ಮುಂಜಾನೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಮಾಲಕರ ಮಗ ಹೊನ್ನೇಶ ಈ ಕೆಲಸ ಕೊಡುವಾಗ "ಶಾಖೆಯವ್ರಿಗೆ ಹೇಳಾಕ ಹೋಗಬ್ಯಾಡ್ರಿ, ಅಂಜ್ತಾರ" ಎಂದ. ನಿಮ್ಮ ಕಾಗದವನ್ನು ಈಗ ಅಣ್ಣನ ಅಂಗಡಿಯಲ್ಲಿ ಕೊಟ್ಟು ಹೋಗುವ ಇಲಿಯಾಸನಿಗೂ ನಿಮಗೆ ತಿಳಿಸಬೇಡ ಎಂದಿದ್ದೇನೆ.

ಕೆಲಸವೇನೆಂದರೆ, ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಕೇಳುವುದು. ಆ ದನಿ ಶಾಖೆಯವರೊಂದಿಗೆ ಮಾತಾಡಿದ್ದೆಲ್ಲಾ ಅಲ್ಲಿ ಉಳಿದಿರುತ್ತದೆ. ಅದಕ್ಕೆ ತಿಳಿಯದ ಮಾತು ನನ್ನ ಹತ್ತಿರ ಬರುತ್ತದೆ. ಪರದೆಯ ಮೇಲೆ ಮೂರು ಚೌಕ: ಲೆಕ್ಕ, ಊರು, ಬೇಡದ ಮಾತು. ಕೇಳಿ, ಯಾವುದೆಂದು ಒತ್ತಬೇಕು. ನಾನು ಒತ್ತಿದ್ದನ್ನು ನೋಡಿ ಅದು ಕಲಿಯುತ್ತದೆ. ಬೇಡದ ಮಾತು ಎಂದು ಒತ್ತಿದರೆ, ಮುಂದೆ ಅಂಥ ಮಾತು ಸುರುವಾದೊಡನೆ ಫೋನು ಕಡಿಯುತ್ತದೆ.

ಮೊದಲು ನಮ್ಮ ಹಳೆಯ ತಾಳೆಯ ಮಾತುಗಳನ್ನೇ ಕೇಳಿಸಿದರು. ನಮಗೆ ಗೊತ್ತಿಲ್ಲದೆ ಅವೆಲ್ಲಾ ಅಲ್ಲಿ ಉಳಿದಿದ್ದವಂತೆ. ಒಂದು ಸಂಜೆ ನೀವು "ಇವತ್ತ ಮನಿಗೆ ಹೋಗಾಕ ಮನಸ್ಸಿಲ್ಲರಿ ಮುಂಡರಗಿ" ಅಂದಿದ್ದೀರಿ. ನಾನು ಏನೆಂದೆ ಗೊತ್ತೇ? "ಹಂಗಾರ ಶಿರಹಟ್ಟಿ ಲೆಕ್ಕ ಇನ್ನೊಮ್ಮೆ ಹೇಳ್ರಿ" ಎಂದೆ. ನನ್ನ ದನಿ ನಾನೇ ಕೇಳಿ ಎದ್ದು ನೀರು ಕುಡಿಯಲು ಹೋದೆ.

ಆಮೇಲೆ ನಿಮ್ಮ ಹೊಸ ಮಾತುಗಳು ಬರತೊಡಗಿದವು. ಪಂಚಮಿಯ ಹಿಂದಿನ ದಿನ ನೀವು ಆ ತಂಗಿಗೆ ಹೇಳಿದ್ದು: "ಉಂಡಿ ಅಂಗಡ್ಯಾಗ ತಂದೆ ತಂಗಿ. ಮನಿಯಾಗ ಮಾಡವ್ರು ಯಾರದಾರ? ನಾಕ್ ವರ್ಷ ಆತು ಅಕಿ ಹೋಗಿ. ಮುಂಡರಗಿಯವ್ರಿಗೆ ಹೆಂಡ್ತಿ ಕಟ್ಟ್ಯಾಳಂತ ಬರದೀನಿ."

ಆ ಉಂಡಿ ನನ್ನ ಬಾಯಿಯಲ್ಲಿ ಇತ್ತು, ಲಕ್ಷ್ಮೇಶ್ವರದವರೇ. ಮಧ್ಯಾಹ್ನದ ಡಬ್ಬಿಗೆ ಎರಡು ಹಾಕಿಕೊಂಡು ಹೋಗಿದ್ದೆ.

ನಾಲ್ಕು ವರ್ಷ ನೀವು "ಮನಿಯಾಗೆಲ್ಲಾ ಆರಾಮ" ಎಂದಿರಿ, ನಾನು "ಚಲೋ ಆತ್ರಿ" ಎಂದೆ. ಆ ಮಾತಿಗೆ ಯಾವ ಚೌಕ ಒತ್ತಲಿ? ಯಾವುದನ್ನೂ ಒತ್ತಲಿಲ್ಲ. ನೋಡಬೇಕು ಎಂದು ಬಾಕಿ ಇಟ್ಟೆ. ಬಾಕಿ ಇಟ್ಟರೆ ಅದು ಕಲಿಯುವುದಿಲ್ಲ, ನೀವು ಮಾತಾಡುವಷ್ಟು ಹೊತ್ತು ಕೇಳುತ್ತಲೇ ಇರುತ್ತದೆ. ನಾನೂ ಕೇಳುತ್ತಿರುತ್ತೇನೆ.

ಇದು ಕದ್ದು ಕೇಳಿದಂತೆಯೇ. ನಿಮಗೆ ತಿಳಿಸಿದರೆ ನೀವು ಮಾತು ನಿಲ್ಲಿಸುತ್ತೀರಿ. ಅದಕ್ಕೇ ತಿಳಿಸುವುದಿಲ್ಲ.


ಲಕ್ಷ್ಮೇಶ್ವರ
31 ಆಗಸ್ಟ್ 2025

ಮುಂಡರಗಿಯವರಿಗೆ ನಮಸ್ಕಾರ.

ಉಂಡಿ ರುಚಿಯಾಗಿದ್ದವೆಂದು ಬರೆದದ್ದನ್ನು ವನಿತಾಳಿಗೆ ಓದಿ ಹೇಳಿದೆ. ಹಿರಿಹಿರಿ ಹಿಗ್ಗಿದಳು. ನಿಮಗೆ ಕೆಲಸ ಹೆಚ್ಚಾಗಿದೆ ಎಂದರೆ ನನಗೆ ಹೊಟ್ಟೆಕಿಚ್ಚು. ನನಗೆ ಕಡಿಮೆಯಾಗಿದೆ. ನಾಕು ಗಂಟು ನೋಡಿ, ಚೀಟಿ ಅಂಟಿಸಿ, ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತೇನೆ. ತಂಗಿಯ ಫೋನು ಬಂದರೆ ಹಬ್ಬ ಬಂದ ಹಾಗೆ. ಮೊದಲು ಬೈದಿದ್ದೆ, ಈಗ ಆ ಮಾತು ವಾಪಸ್ ತೊಗೊಂಡೆ. ಕೇಳುವ ತಾಳ್ಮೆ ಅವಳಿಗಿದೆ. ಮನುಷ್ಯರಾದರೆ ನಡುವೆ ಬಾಯಿ ಹಾಕುತ್ತಾರೆ.

ನೀವು ಈಗೀಗ ಸಣ್ಣ ಕಾಗದ ಬರೆಯುತ್ತೀರಿ. ನನ್ನದೇನಾದರೂ ತಪ್ಪಾಗಿದೆಯೇ?

ಲಕ್ಷ್ಮೇಶ್ವರ


ಮುಂಡರಗಿ
14 ಸೆಪ್ಟೆಂಬರ್ 2025

ಲಕ್ಷ್ಮೇಶ್ವರದವರಿಗೆ ನಮಸ್ಕಾರ.

ತಪ್ಪೇನೂ ಆಗಿಲ್ಲ. ಇಲಿಯಾಸನ ಹತ್ತಿರ ಒಂದು ಡಬ್ಬಿ ಕಳಿಸಿದ್ದೇನೆ. ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ರೊಟ್ಟಿ ಹದಿನೈದು ದಿನ ಕೆಡುವುದಿಲ್ಲ. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಮಲಗುವುದು ಬಿಡಿ. ಹೊಟ್ಟೆ ಉರಿ ಅದರಿಂದಲೇ. ಗುಳಿಗೆಯಿಂದ ಹೋಗುವುದಿಲ್ಲ.

ಮುಂಡರಗಿ


ಲಕ್ಷ್ಮೇಶ್ವರ
5 ಅಕ್ಟೋಬರ್ 2025

ಮುಂಡರಗಿಯವರಿಗೆ,

ಡಬ್ಬಿ ಮುಟ್ಟಿತು. ಕಾಗದವನ್ನು ಮೂರು ನಾಕು ಸಲ ಓದಿದೆ. ಮನೆಯಲ್ಲಿ ಹೆಂಡತಿ ಇರುವ ಮನುಷ್ಯನಿಗೆ ಯಾರೂ ಹೀಗೆ ಬರೆಯುವುದಿಲ್ಲ. ವನಿತಾಳಿಗೆ ನಮಸ್ಕಾರವನ್ನೂ ಹೇಳಿಲ್ಲ ನೀವು. ಅಂದರೆ ನಿಮಗೆ ಗೊತ್ತಾಗಿದೆ.

ಹೇಳಿದವನು ಇಲಿಯಾಸನೇ. ಊರಲ್ಲಿ ನನ್ನ ಊಟ ನೋಡಿದವನು ಅವನೊಬ್ಬನೇ. ನಿಮಗೆ ತಿಳಿಸಬಾರದೆಂದು ಅವನಿಂದ ಮಾತು ತೊಗೊಂಡಿದ್ದೆ. ಮೊನ್ನೆ ಲಾರಿಯ ಹತ್ತಿರವೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. "ನಮ್ಮವ್ವನ ಆಣಿರಿ, ನಾ ಒಂದ್ ಮಾತ ಆಡಿಲ್ಲ" ಎಂದ. "ನಿನ್ನ ಬಿಟ್ಟು ಮತ್ಯಾರು ಹೇಳ್ಯಾರಲೇ?" ಎಂದು ಹಮಾಲರ ಮುಂದೆ ಕೇಳಿದೆ. ಈಗ ಅವನು ಗಂಟು ಇಳಿಸಿ, ಮುಖ ನೋಡದೆ ಹೋಗುತ್ತಾನೆ. ಮೊದಲು ಚಹಾ ಕುಡಿಯದೆ ಹೋಗುತ್ತಿರಲಿಲ್ಲ.

ಹೌದು, ವನಿತಾ ಇಲ್ಲ. ನಾಲ್ಕು ವರ್ಷವಾಯಿತು. ಮಕ್ಕಳಿಲ್ಲದ ಮನೆ, ಇದ್ದವರು ಇಬ್ಬರೇ. ನಾನು ಮದುವೆಗೆ ಹೋಗಿದ್ದೇನೆಂದು ರಜೆ ಹಾಕಿದ್ದೆನಲ್ಲ, ಅದು ಅವಳ ಮಣ್ಣಿಗೆ. ವಾಪಸ್ ಬಂದ ದಿನ ನೀವು ಫೋನಿನಲ್ಲಿ "ಮದಿವಿ ಊಟಾ ಹೆಂಗಿತ್ರಿ?" ಎಂದು ಕೇಳಿದಿರಿ. "ಹೋಳಗಿ ಚಲೋ ಇತ್ತು" ಎಂದೆ.

ಯಾಕೆ ಮುಚ್ಚಿಟ್ಟೆ ಎಂದರೆ, ನೀವು ಮದುವೆಯಾಗದ ಹೆಣ್ಣುಮಗಳು. ಸಂಸಾರಸ್ಥನೊಂದಿಗೆ ನಗುತ್ತಾ ಮಾತಾಡುತ್ತೀರಿ. ಹೆಂಡತಿ ಸತ್ತವನೊಂದಿಗೆ ಅಳೆದು ಮಾತಾಡುತ್ತೀರಿ. ನಾನು ಒಂದು ಮಾತು ಹೆಚ್ಚು ಆಡಿದರೂ ಇವನಿಗೆ ಏನು ಬೇಕಾಗಿದೆ ಅನ್ನಿಸೀತು. ನನ್ನ ದಿನದಲ್ಲಿ ಉಳಿದದ್ದೇ ಆ ಸಂಜೆಯ ಮಾತು. ಅದನ್ನು ಉಳಿಸಿಕೊಳ್ಳಲು ಸತ್ತವಳನ್ನು ಬದುಕಿಸಿ ಇಟ್ಟೆ. ಅವಳಾದರೂ ನಕ್ಕು ಬಿಡುತ್ತಿದ್ದಳು.

ಈಗ ನೀವು ಬರೆಯುವುದಿಲ್ಲ ಎಂದು ಗೊತ್ತು. ಡಬ್ಬಿ ತೊಳೆದು ಕಳಿಸಿದ್ದೇನೆ.

ಉಳವಪ್ಪ


ಮುಂಡರಗಿ
19 ಅಕ್ಟೋಬರ್ 2025

ಲಕ್ಷ್ಮೇಶ್ವರದವರಿಗೆ,

ಬರೆಯುತ್ತೇನೆ. ಬರೆಯುವುದಿಲ್ಲ ಎಂದು ಯಾರು ಹೇಳಿದರು?

ವನಿತಾ ಅವರ ಸಂಗತಿ ಓದಿ ಬಹಳ ಸಂಕಟವಾಯಿತು. ಆವತ್ತೇ ಹೇಳಬೇಕಾಗಿದ್ದ ಮಾತು ಇಷ್ಟು ವರ್ಷದ ಮೇಲೆ ಹೇಗೆ ಹೇಳಲಿ? ನನ್ನಿಂದ ಒಂದು ಸಮಾಧಾನದ ಮಾತೂ ಇಲ್ಲದೆ ನೀವು ಅದನ್ನೆಲ್ಲಾ ದಾಟಿಬಿಟ್ಟಿರಿ.

ಇಲಿಯಾಸನಿಗೆ ಬೈಯಬೇಡಿ. ಅವನು ಹೇಳಿಲ್ಲ. ಖರೆ ಹೇಳುತ್ತೇನೆ, ಅವನು ಹೇಳಿಲ್ಲ. ಹೇಗೆ ತಿಳಿಯಿತು ಎಂದು ಈಗ ಕೇಳಬೇಡಿ.

ದೀಪಾವಳಿಗೆ ಬೆಲ್ಲದ ಹೋಳಿಗೆ ಕಳಿಸುತ್ತೇನೆ.

ಮುಂಡರಗಿ


ಲಕ್ಷ್ಮೇಶ್ವರ
9 ನವೆಂಬರ್ 2025

ಮುಂಡರಗಿಯವರಿಗೆ ನಮಸ್ಕಾರ.

ಹೋಳಿಗೆ ಇಡೀ ವಾರ ತಿಂದೆ. ಇಲಿಯಾಸ ಹೇಳಿಲ್ಲವೆಂದು ಬರೆದಿರಿ. ನೀವು ಅವನನ್ನು ಕಾಪಾಡುತ್ತಿದ್ದೀರಿ, ಅದು ನಿಮ್ಮ ಗುಣ. ನಾನು ನಂಬಿಲ್ಲ. ಅವನು ಈ ದಾರಿಯೇ ಬೇಡವೆಂದು ಬೇರೆ ಲಾರಿ ಕೇಳಿದ್ದಾನಂತೆ. ಕೇಳಲಿ.

ಇನ್ನೊಂದು ಸಂಗತಿ, ನಗಬೇಡಿ. ಈ ವಾರದಿಂದ ತಂಗಿ ನನ್ನ ಮಾತು ಕೇಳುವುದಿಲ್ಲ. ಮಾಗಡಿ ಕೆರೆಗೆ ಹಕ್ಕಿಗಳು ಬಂದಿವೆ. ಮುಂಜಾನೆ ನಮ್ಮ ಶಾಖೆಯ ಮೇಲೆಯೇ ಸಾಲಾಗಿ ಹಾರಿ ಹೋದವು. ಸಂಜೆ ಹೇಳೋಣವೆಂದು ಇಡೀ ದಿನ ಬಾಯಲ್ಲಿ ಇಟ್ಟುಕೊಂಡಿದ್ದೆ. ಲೆಕ್ಕವೆಲ್ಲಾ ಹೇಳಿ, "ತಂಗಿ, ಹಕ್ಕಿ" ಎಂದೆ. "ಧನ್ಯವಾದ" ಎಂದು ಕಡಿದುಬಿಟ್ಟಳು. ಮರುದಿನವೂ ಹಾಗೇ. ಈಗ ಲೆಕ್ಕ ಬಿಟ್ಟು ಬೇರೆ ಒಂದು ಮಾತು ಬಾಯಿಂದ ಬಿದ್ದರೆ ಸಾಕು, ಕಡಿಯುತ್ತಾಳೆ. ಎರಡನೆಯ ಮಾತಿಗೆ ಜಾಗವೇ ಇಲ್ಲ.

ಯಂತ್ರ ಮುನಿಸಿಕೊಂಡಿದೆ ಎಂದು ಐವತ್ತೆರಡು ವರ್ಷದ ಗಂಡಸು ಕಾಗದ ಬರೆಯುವುದು ನೋಡಿ! ಆದರೆ ನಿಮಗಲ್ಲದೆ ಯಾರಿಗೆ ಹೇಳಲಿ. ಬಹಳ ಒಬ್ಬಂಟಿ ಅನ್ನಿಸಿತು. ಫೋನು ಕಡಿದ ಮೇಲೆ ಸುಮಾರು ಹೊತ್ತು ಅದನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ.

ಲಕ್ಷ್ಮೇಶ್ವರ


ಮುಂಡರಗಿ
23 ನವೆಂಬರ್ 2025

ಲಕ್ಷ್ಮೇಶ್ವರದವರಿಗೆ,

ಯಂತ್ರ ಮುನಿಸಿಕೊಂಡಿಲ್ಲ. ನಾನು ಅದಕ್ಕೆ ಕಲಿಸಿದೆ.

ಜುಲೈಯಿಂದ ನಾನು ಮುಂಡರಗಿ ಶಾಖೆಯಲ್ಲಿ ಇಲ್ಲ. ಬೆಟಗೇರಿಯಲ್ಲಿ ಕೂತು ಆ ದನಿಗೆ ತಿಳಿಯದ ಮಾತುಗಳನ್ನು ಕೇಳಿ ಗುರುತು ಹಾಕುತ್ತೇನೆ. ಆಗಸ್ಟಿನಲ್ಲಿ ನಿಮಗೆ ಬರೆದು ಕಳಿಸದೆ ಇಟ್ಟುಕೊಂಡ ಒಂದು ಕಾಗದವನ್ನೂ ಇದರೊಳಗೆ ಮಡಚಿ ಇಟ್ಟಿದ್ದೇನೆ. ಮೊದಲು ಅದನ್ನು ಓದಿ, ಆಮೇಲೆ ಇದನ್ನು ಓದಿ.

ಓದಿದಿರಾ? ಹಾಗಾದರೆ ಇಲಿಯಾಸ ಹೇಳಿಲ್ಲ ಎಂಬುದು ಈಗ ನಿಮಗೆ ತಿಳಿಯಿತು. ಮಿರ್ಚಿ ಭಜಿ, ಹೊಟ್ಟೆ ಉರಿ, ಗುಳಿಗೆ ಎಲ್ಲಾ ನೀವೇ ತಂಗಿಗೆ ಹೇಳಿದ್ದು. ನಾನು ಮೈಮರೆತು, ನನಗೇ ಹೇಳಿದಿರಿ ಎಂಬಂತೆ ಉತ್ತರ ಬರೆದುಬಿಟ್ಟೆ. ನನ್ನ ತಪ್ಪಿಗೆ ಆ ಹುಡುಗ ಹಮಾಲರ ಮುಂದೆ ಬೈಸಿಕೊಂಡ. ಅಕ್ಟೋಬರಿನಲ್ಲೇ ನಿಜ ಬರೆಯಬೇಕಾಗಿತ್ತು. ಬರೆದರೆ ಮರುದಿನದಿಂದ ನಿಮ್ಮ ದನಿ ಇರುವುದಿಲ್ಲ ಎಂದು ಬರೆಯಲಿಲ್ಲ.

ಈಗ ಕಡಿಯುವ ಸಂಗತಿ. ದೀಪಾವಳಿ ಮುಗಿದ ಮೇಲೆ ಹೊನ್ನೇಶ ನನ್ನ ಕುರ್ಚಿಯ ಹಿಂದೆ ಬಂದು ನಿಂತ. "ಲಕ್ಷ್ಮೇಶ್ವರದ ಕಾಲ್ ಯಾಕ್ರಿ ಇಷ್ಟ ಉದ್ದ ಬರಾಕತ್ತಾವ? ಎಲ್ಲಾ ಬಾಕಿ ಇಟ್ಟೀರಲ್ಲ. ಅವ್ರು ಏನ್ ಮಾತಾಡ್ತಾರ? ಸರೀರಿ, ನಾನ ಕೇಳಿ ನೋಡ್ತೀನಿ" ಎಂದು ಕೈ ಚಾಚಿದ. ಅವನು ಕೆಟ್ಟವನಲ್ಲ. ಆದರೆ ಕೇಳಿದ್ದರೆ ನಗುತ್ತಿದ್ದ. ಪಕ್ಕದವರಿಗೂ ಕೇಳಿಸುತ್ತಿದ್ದ. "ಬ್ಯಾಡ್ರಿ, ಕುಂಡ್ರಿ, ಈಗ ಮುಗಸ್ತೀನಿ" ಎಂದೆ. ಅವನು ಪಕ್ಕದಲ್ಲಿ ಕೂತ. ನಾನು ದನಿ ನನ್ನ ಕಿವಿಗಷ್ಟೇ ಇಟ್ಟುಕೊಂಡು ಒಂದೊಂದೇ ಒತ್ತಿದೆ.

ನಿಮ್ಮ ಹೆಂಡತಿ ಹೋದದ್ದು, ಬೇಡದ ಮಾತು. ಅವಳ ಹಸಿರು ಸೀರೆ ಇನ್ನೂ ಗೂಟದ ಮೇಲೆ ಇರುವುದು, ಬೇಡದ ಮಾತು. ಮಳೆಗೆ ಮನೆಯ ಮೂಲೆ ಸೋರಿ, ಒಬ್ಬರೇ ಹಾಸಿಗೆ ಎಳೆದದ್ದು, ಬೇಡದ ಮಾತು. ಜ್ವರ ಬಂದ ದಿನ ಯಾರೂ ಕೇಳಲಿಲ್ಲ ಎಂದದ್ದು, ಅದೂ.

ಕಡೆಗೆ ಒಂದು ಉಳಿಯಿತು. "ಮುಂಡರಗಿಯವ್ರ ದನಿ ಕೇಳಲಿಲ್ಲಂದ್ರ ನನಗ ಸಂಜಿ ಆಗಿದ್ದ ಗೊತ್ತಾಗಂಗಿಲ್ಲ ತಂಗಿ." ಅದರಲ್ಲಿ ಊರಿನ ಹೆಸರು ಇದ್ದದ್ದರಿಂದ ಯಂತ್ರ ತಾನೇ ಊರು ಎಂದು ತಿಳಿದಿತ್ತು. "ಮುಂಡರಗಿಗೆ ಏನು ಕಳಿಸಬೇಕು, ತಿಳಿಸಿ" ಎಂದು ಕೇಳಿ ಕಾದಿತ್ತು. ನೀವು ಉಸಿರು ಬಿಟ್ಟದ್ದು ಕೇಳುತ್ತದೆ, ಆಮೇಲೆ ಫೋನು ಇಟ್ಟದ್ದು. ಹೊನ್ನೇಶ ಪರದೆ ನೋಡುತ್ತಿದ್ದ. ಅದನ್ನೂ ಬೇಡದ ಮಾತೆಂದೇ ಒತ್ತಿದೆ.

ಬೇರೆಯವರ ಕಿವಿಗೆ ಬೀಳದಿರಲಿ ಎಂದು ನಿಮ್ಮ ಬಾಯಿ ಕಟ್ಟಿದೆ. ಸರಿ ಮಾಡಿದೆನೋ ಇಲ್ಲವೋ ತಿಳಿಯದು. ಆ ದಿನ ಬಸ್ಸಿನಲ್ಲಿ ಗದಗದಿಂದ ಮುಂಡರಗಿಯವರೆಗೆ ಅಳುತ್ತಾ ಬಂದೆ. ಪಕ್ಕದ ಅಜ್ಜಿ "ಯಾರ್ ಹೋದ್ರಬೇ?" ಎಂದು ಕೇಳಿದಳು. ಯಾರೂ ಹೋಗಿಲ್ಲ ಎಂದೆ.

ನನಗೆ ಬೈಯಿರಿ, ಇಲಿಯಾಸನಿಗೆ ಬೈದದ್ದಕ್ಕಿಂತ ಜೋರಾಗಿ.

ಮುಂಡರಗಿ


ಲಕ್ಷ್ಮೇಶ್ವರ
14 ಡಿಸೆಂಬರ್ 2025

ಇಲಿಯಾಸನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಅವನ ತಾಯಿ ಚಹಾ ಕೊಟ್ಟರು. ಅವನು ಈ ದಾರಿ ಬಿಡುವುದಿಲ್ಲ.

ನಿಮ್ಮ ಸಂಗತಿ ಬೇರೆ. ಆ ಮಾತುಗಳನ್ನು ನಿಮಗೆ ಹೇಳಿದ್ದಲ್ಲ. ಯಾರಿಗೂ ಹೇಳಿದ್ದಲ್ಲ. ಕಲ್ಲಿನ ಮುಂದೆ ಹೇಳಿದ ಹಾಗೆ ಹೇಳಿದೆ. ಕಲ್ಲಿನ ಹಿಂದೆ ನೀವು ಕೂತಿದ್ದಿರಿ. ನಿಮಗೆ ಹೇಳುವುದಾದರೆ ನಾನು ಬೇರೆ ರೀತಿ ಹೇಳುತ್ತಿದ್ದೆ. ಸ್ನಾನ ಮಾಡಿ, ತೊಳೆದ ಅಂಗಿ ತೊಟ್ಟು ಬರೆಯುತ್ತಿದ್ದೆ. ಹೇಳುವುದೋ ಬಿಡುವುದೋ ಎಂಬುದು ನನ್ನ ಕೈಯಲ್ಲಿ ಇರುತ್ತಿತ್ತು. ಅದನ್ನು ನೀವು ಕಸಿದುಕೊಂಡಿರಿ.

ಸಿಟ್ಟಿಗಿಂತ ನಾಚಿಕೆ ಹೆಚ್ಚು. ಇನ್ನು ಲೆಕ್ಕ ಮಾತ್ರ ಹೇಳುತ್ತೇನೆ. ಕಾಗದ ಬರೆಯುವುದಿಲ್ಲ, ನೀವೂ ಬರೆಯಬೇಡಿ.

ಉಳವಪ್ಪ


ಮುಂಡರಗಿ
4 ಜನವರಿ 2026

ನಿಮಗೆ,

ಬರೆಯಬೇಡಿ ಎಂದಿದ್ದಿರಿ. ಆದರೆ ಮೊದಲು ಮಾತು ಮುರಿದವರು ನೀವೇ, ಆದ್ದರಿಂದ ಬರೆಯುತ್ತಿದ್ದೇನೆ.

ಡಿಸೆಂಬರ್ ಕೊನೆಯ ದಿನ ನನ್ನ ಕೆಲಸವೂ ಮುಗಿಯಿತು. ಯಂತ್ರ ಕಲಿಯಬೇಕಾದಷ್ಟು ಕಲಿತಿದೆ, ಇನ್ನು ಕೇಳಿ ಗುರುತು ಹಾಕುವವರು ಬೇಕಿಲ್ಲ. ಹೊನ್ನೇಶ ಪೇಡೆ ಕೊಟ್ಟು, ಬೇಕಾದರೆ ಕರೆಯುತ್ತೇನೆ ಎಂದ. ಕರೆಯುವುದಿಲ್ಲ. ಈಗ ಅಣ್ಣನ ಬಾಂಡೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕೂಡುತ್ತೇನೆ. ನೀವು ಕಳಿಸಿದ ಗಂಟು ಈಗ ನನ್ನ ಮುಂದೆಯೇ ಬಿಚ್ಚುತ್ತಾರೆ.

ಆ ದಿನ ಮಧ್ಯಾಹ್ನ, ಸಾಮಾನು ಚೀಲಕ್ಕೆ ಹಾಕಿಕೊಳ್ಳುವ ಮೊದಲು, ತಿಳಿಯದ ಮಾತು ಒಂದೇ ಒಂದು ಉಳಿದಿತ್ತು. ಹಿಂದಿನ ಸಂಜೆಯದು, ಲಕ್ಷ್ಮೇಶ್ವರದ್ದು. ಎರಡು ವಾರದಿಂದ ನಿಮ್ಮದು ಬರೀ ಲೆಕ್ಕ, ನನ್ನ ಹತ್ತಿರ ಏನೂ ಬಂದಿರಲಿಲ್ಲ. ಕಿವಿಗೆ ಹಾಕಿಕೊಂಡೆ. ಶಿರಹಟ್ಟಿ ಹೇಳಿದಿರಿ, ಗದಗ ಹೇಳಿದಿರಿ, ಮುಂಡರಗಿ ಹೇಳಿದಿರಿ. ಲೆಕ್ಕ ಮುಗಿಯಿತು. ಅದು ಧನ್ಯವಾದ ಎನ್ನುವ ಮೊದಲು ನಿಮ್ಮ ಕುರ್ಚಿಯ ಸಪ್ಪಳ ಕೇಳಿಸಿತು. ಆಮೇಲೆ ಒಂದೇ ಮಾತು.

"ಕಾಂಚನಾ."

"ಧನ್ಯವಾದ" ಎಂದು ಅದು ಕಡಿಯಿತು.

ಒಂದು ಮಾತಿಗಷ್ಟೇ ಜಾಗ ಎಂದು ನಿಮಗೆ ಗೊತ್ತಿತ್ತು. ನಾನು ಕೇಳುತ್ತೇನೆ ಎಂದೂ ಗೊತ್ತಿತ್ತು. ಈ ಸಲ ನನಗೇ ಹೇಳಿದ್ದು. ತೊಳೆದ ಅಂಗಿ ತೊಟ್ಟಿದ್ದಿರಾ?

ಹನ್ನೊಂದು ವರ್ಷದಲ್ಲಿ ನಿಮ್ಮ ಬಾಯಲ್ಲಿ ನನ್ನ ಹೆಸರು ಕೇಳಿರಲಿಲ್ಲ. ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಪರದೆಯ ಮೇಲೆ ಮೂರು ಚೌಕ ಕಾಯುತ್ತಿದ್ದವು. ಲೆಕ್ಕವಲ್ಲ. ಬೇಡದ ಮಾತು ಎಂದು ಒತ್ತಲು ಇನ್ನೊಮ್ಮೆ ನನ್ನಿಂದ ಆಗಲಿಲ್ಲ. ಬಾಕಿ ಇಟ್ಟರೆ ನಾಳೆಯಿಂದ ನೋಡುವವರಿಲ್ಲ. ಊರು ಎಂದು ಒತ್ತಿದೆ.

ತಪ್ಪೇ ಇರಬಹುದು. ಆದರೆ ಇಷ್ಟು ವರ್ಷ ನಾವು ಊರುಗಳಾಗಿಯೇ ಮಾತಾಡಿದೆವಲ್ಲ.

ಈಗ ಸಂಜೆ ನೀವು ಆ ಹೆಸರು ಹೇಳಿದರೆ ಅದು ಕಡಿಯುವುದಿಲ್ಲ. "ಕಾಂಚನಾಗೆ ಏನು ಕಳಿಸಬೇಕು, ತಿಳಿಸಿ" ಎಂದು ಕೇಳಿ ಕಾಯುತ್ತದೆ. ನೀವು ಎಷ್ಟು ಹೊತ್ತು ಸುಮ್ಮನಿದ್ದರೂ ಕಾಯುತ್ತದೆ. ಆದರೆ ಅದರ ಹಿಂದೆ ಈಗ ಯಾರೂ ಇಲ್ಲ. ನಾನು ಕೂತಿದ್ದ ಕುರ್ಚಿಯನ್ನೂ ಗೋಡೆಗೆ ಸರಿಸಿದ್ದಾರೆ. ನೀವು ಹೇಳಿದ್ದು ಎಲ್ಲಿಗೂ ಮುಟ್ಟುವುದಿಲ್ಲ.

ಆದ್ದರಿಂದ ಉತ್ತರ ಅದರ ಮುಂದೆ ಹೇಳಬೇಡಿ. ಈ ಹಾಳೆಯ ಹಿಂಬದಿಗೆ ನನ್ನ ಮೊಬೈಲ್ ನಂಬರು ಬರೆದಿದ್ದೇನೆ. ಯಾಕೆ ಎಂದು ಇಲಿಯಾಸ ಕೇಳಿದರೆ ಕೇಳಲಿ. ಅಂಗಡಿ ಮುಚ್ಚಿದ ಮೇಲೆ ನಾನು ಮಾಳಿಗೆಯಲ್ಲಿ ಒಬ್ಬಳೇ ಇರುತ್ತೇನೆ. ಏನು ಕಳಿಸಬೇಕು, ನನಗೇ ಹೇಳಿ.

ಕಾಂಚನಾ